ಹೆಜ್ಜೆ ಎಣಿಸೋದು ತಪ್ಪಾ?

ಇವತ್ತು ಒಂದು ಸಾಕ್ಷಿಯಿಂದ ಶುರು ಮಾಡ್ತೇನೆ. ಸಾಕ್ಷಿ ಅಂದ್ರೆ ಜಯದ ಕಥೆಯೇ ಆಗಬೇಕಂತಿಲ್ಲ. ಇದು ದೇವರು ನನ್ನನ್ನು ತಿದ್ದಿದ ವಿಷಯ.

ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿ 6.1 ಅಂತ ಬಂತು. 5.7ರಿಂದ 6.4ರವರೆಗೆ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂದ್ರು ಡಾಕ್ಟರು. ನನ್ನ ತಂದೆಯವರಿಗೂ ಇದೇ ಕಾಯಿಲೆ. ಭಯ ಆಯ್ತು. ಅವತ್ತೇ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ, ಕೈಗೆ ಹೆಜ್ಜೆ ಎಣಿಸುವ ವಾಚ್ ಕಟ್ಟಿದೆ.

ಅದರಿಂದ ಒಳ್ಳೆಯದಾಯಿತು, ಸುಳ್ಳು ಹೇಳೋದಿಲ್ಲ. "ನಾನು ತಿನ್ನೋದೇ ಸ್ವಲ್ಪ" ಅಂತ ಹೆಂಡತಿಗೆ ಹೇಳುತ್ತಿದ್ದೆ. ಒಂದು ವಾರ ಬರೆದಿಟ್ಟು ನೋಡಿದರೆ ದಿನಕ್ಕೆ ಆರು ಟೀ! ಆಫೀಸಿನಲ್ಲಿ ಎರಡು, ವಿಶ್ವಾಸಿಗಳ ಮನೆಗಳಲ್ಲಿ ನಾಲ್ಕು. ಲೋಟಕ್ಕೆ ಎರಡು ಚಮಚ ಅಂದ್ರೂ ಬರೀ ಟೀಯಿಂದಲೇ ಹನ್ನೆರಡು ಚಮಚ ಸಕ್ಕರೆ. ನನಗೆ ನಾನೇ ಹೇಳಿಕೊಂಡಿದ್ದ ಸುಳ್ಳನ್ನು ಆ ಲೆಕ್ಕ ಬಯಲು ಮಾಡಿತು. ದೇಹ ದೇವರ ಆಲಯ ಅಂತ ಪ್ರಸಂಗ ಮಾಡುವವನು ಆ ಆಲಯವನ್ನು ಹೇಗೆ ಇಟ್ಟುಕೊಂಡಿದ್ದೇನೆ ಅಂತ ಕಣ್ಣಾರೆ ನೋಡಿದೆ.

ಆದರೆ ಆಮೇಲೆ ಏನಾಯ್ತು? ಒಂದು ಭಾನುವಾರ ಆರಾಧನೆಯಲ್ಲಿ ನಿಂತಿದ್ದಾಗ ವಾಚ್ ಕಡೆ ಕಣ್ಣು ಹೋಯಿತು. ಚಪ್ಪಾಳೆ ತಟ್ಟಿದ್ದನ್ನೂ ಅದು ಹೆಜ್ಜೆ ಅಂತ ಸೇರಿಸಿತ್ತು. ಕೈ ಅಲುಗಾಡಿದರೆ ಎಣಿಸೋದು ಅದರ ಕೆಲಸ, ಅದರ ತಪ್ಪಿಲ್ಲ. ತಪ್ಪು ನನ್ನದು. ಸ್ತುತಿಯ ನಡುವೆ ನನ್ನ ಮನಸ್ಸು ಒಳಗೊಳಗೇ ಖುಷಿಪಟ್ಟಿತು. ಶುಕ್ರವಾರದ ಉಪವಾಸ ಪ್ರಾರ್ಥನೆ ಮುಗಿದಾಗಲೂ ಹಾಗೇ, ಮೊದಲು ನೋಡಿದ್ದು ಫೋನು. "16 ಗಂಟೆ ಪೂರ್ತಿ" ಅಂತ ಅದು ಶಾಬಾಸ್ ಹೇಳಿತು. ಯಾರಿಗೋಸ್ಕರ ಉಪವಾಸ ಮಾಡಿದೆ ನಾನು?

ಕೊನೆಗೆ ನನ್ನನ್ನು ಮುರಿದದ್ದು ಒಬ್ಬ ವಿಧವೆ ತಾಯಿ. ಪ್ರಾರ್ಥನೆಗೆ ಅವರ ಮನೆಗೆ ಹೋಗಿದ್ದೆ. ಮುದ್ದೆ, ಬಸ್ಸಾರು, ನನಗೋಸ್ಕರವೇ ಶಾವಿಗೆ ಪಾಯಸ. ನಾನು ಬಟ್ಟಲನ್ನು ಪಕ್ಕಕ್ಕಿಟ್ಟು ಫೋನಿನಲ್ಲಿ ಪಾಯಸದ ಕ್ಯಾಲರಿ ಹುಡುಕುತ್ತಾ ಕೂತೆ. ಆಯಮ್ಮ ಮೆಲ್ಲಗೆ ಕೇಳಿದರು, "ಪಾಸ್ಟರೇ, ಅಡಿಗೆಯಲ್ಲಿ ಏನಾದ್ರೂ ತಪ್ಪಾಯ್ತಾ?" ಪ್ರಿಯರೇ, ನನಗೆ ಉತ್ತರ ಬರಲಿಲ್ಲ.

ಹಾಗಾದರೆ ಲೆಕ್ಕ ಇಡೋದೇ ಪಾಪವಾ? ವಾಕ್ಯ ನೋಡೋಣ. ಅರಣ್ಯಕಾಂಡ 1ರಲ್ಲಿ ಜನರನ್ನು ಎಣಿಸು ಅಂತ ದೇವರೇ ಮೋಶೆಗೆ ಹೇಳಿದರು. 2 ಸಮುವೇಲ 24ರಲ್ಲಿ ದಾವೀದನು ಅದೇ ಕೆಲಸ ಮಾಡಿದ, ಆಮೇಲೆ ಅವನ ಮನಸ್ಸೇ ಅವನನ್ನು ಚುಚ್ಚಿತು. ಕೆಲಸ ಒಂದೇ, ಹೃದಯ ಬೇರೆ. ದೇವರು ಹೇಳಿದ್ದಕ್ಕೆ ಮೋಶೆ ಎಣಿಸಿದ. ದಾವೀದ ತನ್ನ ಬಲ ಎಷ್ಟು ಅಂತ ನೋಡಿಕೊಳ್ಳೋಕೆ ಎಣಿಸಿದ. ಲೂಕ 18ರ ಫರಿಸಾಯನ ಪ್ರಾರ್ಥನೆ ನೆನಪಿಸಿಕೊಳ್ಳಿ. ವಾರಕ್ಕೆ ಎಷ್ಟು ಉಪವಾಸ, ಎಷ್ಟು ದಶಮಾಂಶ, ಎಲ್ಲದಕ್ಕೂ ಅವನ ಹತ್ತಿರ ಲೆಕ್ಕ ಇತ್ತು. ಲೆಕ್ಕ ಸರಿಯಾಗಿಯೇ ಇದ್ದಿರಬಹುದು. ಆದರೂ ನೀತಿವಂತನಾಗಿ ಮನೆಗೆ ಹೋದವನು ಸುಂಕದವನು.

ಇನ್ನೊಂದು ಮಾತು. ದಿನಕ್ಕೆ 10,000 ಹೆಜ್ಜೆ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಶುರುವಾದದ್ದು ಯಾವ ಡಾಕ್ಟರ ಚೀಟಿಯಿಂದಲೂ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಮಾಪಕದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆ. ನಡೆಯೋದು ಒಳ್ಳೆಯದೇ, ನಡೀರಿ. ಆದರೆ ಒಂದು ದಿನ 7,000ಕ್ಕೆ ನಿಂತರೆ ಅಪರಾಧ ಮಾಡಿದವರ ಹಾಗೆ ಕೂರಬೇಡಿ. ಆ ಸಂಖ್ಯೆ ಸೀನಾಯಿ ಬೆಟ್ಟದಿಂದ ಇಳಿದು ಬಂದದ್ದಲ್ಲ.

ಕೆಲವರು ಇದನ್ನು ಕೇಳಿ, "ನೋಡಿದ್ರಾ, ಅದಕ್ಕೇ ನಾನು ಮೀಟರು ಮಾತ್ರೆ ಎಲ್ಲ ಬಿಟ್ಟಿದ್ದೇನೆ, ದೇವರು ವಾಸಿ ಮಾಡ್ತಾರೆ" ಅನ್ನಬಹುದು. ದಯವಿಟ್ಟು ಹಾಗೆ ಮಾಡಬೇಡಿ. ದೇವರು ಸ್ವಸ್ಥ ಮಾಡ್ತಾರೆ ಅಂತ ನಾನೂ ನಂಬುತ್ತೇನೆ, ಕೈಯಿಟ್ಟು ಪ್ರಾರ್ಥಿಸುತ್ತೇನೆ. ಆದರೆ ಪೌಲನ ಜೊತೆಯಲ್ಲಿದ್ದ ಲೂಕ ವೈದ್ಯನಾಗಿದ್ದ. ಸಕ್ಕರೆ ನೋಡಿಕೊಳ್ಳದೆ ಇರೋದು ವಿಶ್ವಾಸ ಅಲ್ಲ. ಎಷ್ಟೋ ಸಲ ಅದು ಸತ್ಯ ನೋಡೋಕೆ ಭಯ, ಅಷ್ಟೇ.

ಈಗ ನಾನು ವಾಚ್ ಬಿಸಾಡಿಲ್ಲ. ಮೂರು ನಿಯಮ ಇಟ್ಟುಕೊಂಡಿದ್ದೇನೆ. ಆರಾಧನೆಯಲ್ಲೂ ಉಪವಾಸ ಪ್ರಾರ್ಥನೆಯಲ್ಲೂ ಅದನ್ನು ಬಿಚ್ಚಿಡುತ್ತೇನೆ. ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಕೂತಾಗ ಫೋನು ತೆಗೆಯೋದಿಲ್ಲ. ಬೇಡವಾದದ್ದನ್ನು "ಸಕ್ಕರೆ ಇದೆಯಮ್ಮ, ಎರಡೇ ಚಮಚ ಹಾಕಿ" ಅಂತ ಬಾಯಿಬಿಟ್ಟು ಹೇಳುತ್ತೇನೆ. ರಾತ್ರಿ ಲೆಕ್ಕ ನೋಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವತ್ತು ನನ್ನ ಊಟದಲ್ಲಿ ಯಾರಿಗೆ ಪಾಲು ಕೊಟ್ಟೆ? ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸ ಹಸಿದವನ ಜೊತೆ ಹಂಚಿಕೊಳ್ಳುವ ಉಪವಾಸ. ಅದನ್ನು ಎಣಿಸುವ ಯಂತ್ರ ನನ್ನ ಕೈಯಲ್ಲಿ ಇಲ್ಲ.

ಹೋದ ತಿಂಗಳು ಆ ತಾಯಿಯ ಮನೆಗೆ ಮತ್ತೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, ಸಣ್ಣ ಬಟ್ಟಲಲ್ಲಿ ಪಾಯಸ ಕೊಟ್ಟರು. ಎರಡು ಚಮಚವನ್ನು ಸ್ತೋತ್ರ ಮಾಡಿ ತಿಂದೆ. ಎಷ್ಟು ಕ್ಯಾಲರಿ ಅಂತ ಇವತ್ತಿಗೂ ಬರೆದಿಲ್ಲ.

ಕರ್ತರು ಈ ಮಾತುಗಳನ್ನು ಆಶೀರ್ವದಿಸಲಿ. ಆಮೆನ್.