ಹೆಬ್ಬೆರಳಿನ ಸಾಲ

ಕೈಯಿಂದ ಕೈಗೆ ಬಂದ ವಿದ್ಯೆ ಯಾರದು? ಕಲಿತವನದೋ, ಕಲಿಸಿದವನದೋ? ಹೀಗೆ ಕೇಳಿದ ಕೂಡಲೇ 'ಕಲೆಗೆ ಜಾತಿ ಇಲ್ಲ ಮಾರಾಯ್ರೆ' ಅಂತ ಬಾಯಿ ಮುಚ್ಚಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಲೆಗೆ ಜಾತಿ ಇಲ್ಲ, ಸರಿ. ಕಲಿಸಿದವನಿಗೆ ಇತ್ತಲ್ಲ? ಅವನನ್ನು ಅಂಗಳದಾಚೆ ನಿಲ್ಲಿಸಿಯೇ ಅಲ್ಲವೇ ಕಲಿತದ್ದು?

ಈ ಪ್ರಶ್ನೆಯನ್ನು ನಾವು ಈ ಸಲ ಗಿಟಾರಿನಿಂದ ಹಿಡಿಯುತ್ತೇವೆ. ಮರವಂತೆಯ ಹುಡುಗನೊಬ್ಬ ಕಡಲದಂಡೆಯಲ್ಲಿ ಫೋನು ಮುಂದಿಟ್ಟುಕೊಂಡು ಅಮೆರಿಕದ ಹಳೆಯ 'ಕಂಟ್ರಿ', 'ರಾಕಬಿಲ್ಲಿ' ಹಾಡುಗಳ ಗಿಟಾರು ಕಲಿಯುವುದು ಈಗ ದೊಡ್ಡ ಮಾತಲ್ಲ. ಹಾಡಿನ ನಡುವೆ ಹಾಡುವವನು ಬಾಯಿ ನಿಲ್ಲಿಸುತ್ತಾನೆ, ಹತ್ತು ಹದಿನೈದು ಸೆಕೆಂಡು ಗಿಟಾರೊಂದೇ ಮಾತಾಡುತ್ತದೆ. ಅದಕ್ಕೆ ಸೋಲೊ ಅನ್ನುತ್ತಾರೆ. ಆ ಹದಿನೈದು ಸೆಕೆಂಡು ಕೈಗೆ ಕೂರಬೇಕಾದರೆ ತಿಂಗಳುಗಟ್ಟಲೆ ಬೇಕು. ಹಿಂದೆ ಕಲಿಯುವವರು ರೆಕಾರ್ಡನ್ನು ಅರ್ಧ ವೇಗದಲ್ಲಿ ತಿರುಗಿಸುತ್ತಿದ್ದರು. ಸ್ವರ ಒಂದು ಸ್ಥಾಯಿ ಕೆಳಗಿಳಿದು ಬೆರಳಿನ ನಡೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಈಗ ಸ್ವರ ಇಳಿಯದೆ ವೇಗ ಮಾತ್ರ ಇಳಿಸಲಿಕ್ಕೆ ಬರುತ್ತದೆ. ಹೇಗಾದರೂ ಕಿವಿಯೇ ಗುರು. ಡೋಲು, ಕೊಳಲು ನಮ್ಮ ಕೇರಿಗಳಲ್ಲಿ ಉಳಿದದ್ದೂ ಪುಸ್ತಕದಿಂದಲ್ಲ.

ಕೆಲವು ಸಂಗಾತಿಗಳು ಮೂಗು ಮುರಿಯುತ್ತಾರೆ. 'ಅಮೆರಿಕದ ಬಿಳಿಯರ ಪದ ನಮ್ಗೆ ಎಂತಕ್ಕೆ?' ಬಿಳಿಯರದು ಅಂತ ಯಾರು ಹೇಳಿದ್ದು? ಆ ವಾದ್ಯದ ಒಂದು ಪಟ್ಟನ್ನು ಬಿಚ್ಚಿ ನೋಡಿದರೆ ಸಾಕು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ಬಿಟ್ಟು ಒಂದು ತಟ್ಟುತ್ತ ತಾಳ ಹಿಡಿಯುತ್ತದೆ. ತೋರುಬೆರಳು ಸಣ್ಣ ತಂತಿಗಳಲ್ಲಿ ರಾಗ ನುಡಿಸುತ್ತದೆ. ಒಬ್ಬನೇ ಕೂತರೂ ಇಬ್ಬರು ಬಾರಿಸಿದ ಹಾಗೆ. ಜಗತ್ತು ಇದನ್ನು ಮರ್ಲ್ ಟ್ರಾವಿಸ್ ಎಂಬ ಬಿಳಿಯನ ಹೆಸರಿನಲ್ಲಿ ಕರೆಯುತ್ತದೆ. ಟ್ರಾವಿಸ್ ಕಲಿತದ್ದು ಕೆಂಟಕಿಯ ಮೋಸ್ ರೇಜರ್ ಮುಂತಾದವರಿಂದ. ಅವರ ಹಿಂದೆ ಕೆನೆಡಿ ಜೋನ್ಸ್. ಅವನ ಹಿಂದೆ ಅರ್ನಾಲ್ಡ್ ಶುಲ್ಟ್ಸ್ ಎಂಬ ಕಪ್ಪು ಮನುಷ್ಯ. ದುಡಿಯುತ್ತ, ಊರೂರು ತಿರುಗುತ್ತ, ಕುಣಿತದ ಮನೆಗಳಲ್ಲಿ ಬಾರಿಸುತ್ತಿದ್ದವನು, 1931ರಲ್ಲಿ ತೀರಿಕೊಂಡ. ಅವನ ಒಂದೇ ಒಂದು ರೆಕಾರ್ಡೂ ಇಲ್ಲ. ಟ್ರಾವಿಸನ ಪಟ್ಟು ಚೆಟ್ ಅಟ್ಕಿನ್ಸ್‌ಗೆ, ಅವರಿಬ್ಬರನ್ನು ಕೇಳಿ ಎಲ್ವಿಸ್ ಪ್ರೆಸ್ಲಿಯ ಗಿಟಾರಿಗ ಸ್ಕಾಟಿ ಮೂರ್‌ಗೆ ಬಂತು. 1954ರಲ್ಲಿ ಮೆಂಫಿಸ್ಸಿನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಮೊದಲು ಹೆಸರು ಮಾಡಿದ ಹಾಡು 'ದಟ್ಸ್ ಆಲ್ ರೈಟ್' ಕೂಡ ಆರ್ಥರ್ ಕ್ರುಡಪ್ ಎಂಬ ಕಪ್ಪು ಹಾಡುಗಾರ 1946ರಲ್ಲೇ ಹಾಡಿದ್ದು. ಕ್ರುಡಪ್ ತನ್ನ ಪಾಲಿನ ರಾಯಧನಕ್ಕೆ ಅಲೆದು, ಹೊಲದ ಕೂಲಿಯಲ್ಲಿ ಹೊಟ್ಟೆ ಹೊರೆದು, 1974ರಲ್ಲಿ ಸತ್ತ.

ನಮ್ಮ ಪುರಾಣದಲ್ಲಿ ಹೆಬ್ಬೆರಳಿನ ಕಥೆ ಇದೆ. ಕಾಡಿನ ಹುಡುಗ ಗುರುವಿನ ಮಣ್ಣಿನ ಮೂರ್ತಿಯ ಮುಂದೆ ತಾನೇ ಕಲಿತ. ಮೇಲಿನ ಗುರು ಬೆರಳನ್ನೇ ದಕ್ಷಿಣೆ ಕೇಳಿದ. ಕೆಂಟಕಿಯ ಕಥೆ ಅದರ ತಿರುವುಮುರುವು. ಇಲ್ಲಿ ಗುರು ಕೆಳಗಿನವನು, ಶಿಷ್ಯ ಮೇಲಿನವನು. ಮೇಲಿನವರು ಕಲಿತರೆ ದಕ್ಷಿಣೆಯ ಮಾತೇ ಏಳುವುದಿಲ್ಲ. ಏಕಲವ್ಯನ ಕಥೆಯನ್ನು ಗುರುಭಕ್ತಿಯ ಪಾಠ ಅಂತ ಹೇಳಿಕೊಡುವ ಮೇಷ್ಟ್ರುಗಳು ಈ ತಿರುವನ್ನೂ ಮಕ್ಕಳ ಮುಂದೆ ಒಮ್ಮೆ ಇಡಬೇಕು.

ಹೆಸರು ಹೇಳಿದರೆ ಸಾಲ ತೀರಿತೇ? ಹ್ಯಾಂಕ್ ವಿಲಿಯಮ್ಸ್ ತನಗೆ ಗಿಟಾರು ಕಲಿಸಿದವನು ರೂಫಸ್ ಪೇನ್ ಎಂಬ ಕಪ್ಪು ಬೀದಿಗಾಯಕ ಎಂದು ಬಾಯ್ಬಿಟ್ಟೇ ಹೇಳಿದ. ಆದರೆ ಪೇನ್ 1939ರಲ್ಲೇ ಬಡವನಾಗಿ ಸತ್ತಿದ್ದ, ಅವನ ಗೋರಿ ಇಂಥದ್ದೇ ಎಂದು ಗುರುತಿಲ್ಲ. ಲೆಸ್ಲಿ ರಿಡಲ್ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಜೊತೆ ಹಾಡು ಹುಡುಕುತ್ತ ಗುಡ್ಡಗಾಡು ಸುತ್ತಿದವನು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದ. ಕಾರ್ಟರ್ ಪದ ಬರೆದುಕೊಂಡರೆ ಧಾಟಿ ನೆನಪಿಟ್ಟುಕೊಳ್ಳುವುದು ರಿಡಲ್ಲನ ಪಾಲು. ಅವನ ಕೈ ನೋಡಿ ಮೇಬೆಲ್ ಕಾರ್ಟರ್ ಕೆಲವು ಪಟ್ಟು ಕಲಿತಳು. ಹಾಡುಗಳ ಹಕ್ಕು ಕಾರ್ಟರ್ ಹೆಸರಿಗೆ ಬರೆದವು. ರಿಡಲ್ಲನನ್ನು ಹುಡುಕಿಕೊಂಡು ಒಬ್ಬ ರೆಕಾರ್ಡು ಮಾಡಿಕೊಂಡದ್ದು 1965ರ ಹೊತ್ತಿಗೆ.

ಎಲ್ಲ ಬಿಳಿಯ ಶಿಷ್ಯರೂ ಧಣಿಗಳಲ್ಲ ಎಂಬುದನ್ನೂ ಹೇಳಬೇಕು. ರಾಕಬಿಲ್ಲಿಯ ಕಾರ್ಲ್ ಪರ್ಕಿನ್ಸ್ ಟೆನೆಸೀಯ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವವರ ಮಗ. ಅದೇ ಹೊಲದಲ್ಲಿ ದುಡಿಯುತ್ತಿದ್ದ ಜಾನ್ ವೆಸ್ಟ್‌ಬ್ರೂಕ್ ಎಂಬ ಕಪ್ಪು ಮುದುಕನಿಂದ ಗಿಟಾರು ಕಲಿತ. ಇಬ್ಬರ ಬೆವರೂ ಒಂದೇ ಹತ್ತಿಗೆ. ಆದರೂ 1956ರ ಹೊತ್ತಿಗೆ ಪರ್ಕಿನ್ಸನ ಹೆಸರು ದೇಶವೆಲ್ಲ ಹರಡಿತು. ವೆಸ್ಟ್‌ಬ್ರೂಕನ ಹೆಸರು ನಮಗೆ ತಿಳಿದದ್ದು ಪರ್ಕಿನ್ಸ್ ಹೇಳಿದ್ದರಿಂದ. ನಮ್ಮ ಕರಾವಳಿಗೆ ಇದು ಹೊಸದಲ್ಲ. 1974ರ ಭೂಸುಧಾರಣೆಯಲ್ಲಿ ಚಾಲಗೇಣಿಯವನಿಗೆ ಭೂಮಿ ಸಿಕ್ಕಿತು, ಸಿಗಬೇಕಾದದ್ದೇ. ಅವನ ಗದ್ದೆಯಲ್ಲಿ ಕೂಲಿ ಮಾಡಿದವನಿಗೆ ಗೇಣಿಚೀಟಿಯೇ ಇರಲಿಲ್ಲ.

ಹಾಗಾದರೆ ಕದ್ದ ವಿದ್ಯೆ, ಮುಟ್ಟಬಾರದು ಎನ್ನೋಣವೇ? ಇದು ಕೇಳಲಿಕ್ಕೆ ಬಂಡಾಯದ ಮಾತು, ಒಳಗೆ ಟೊಳ್ಳು. ಶುಲ್ಟ್ಸನ ರೆಕಾರ್ಡಿಲ್ಲ. ಅವನ ಹೆಬ್ಬೆರಳು ಇವತ್ತು ಉಳಿದಿರುವುದು ಕಲಿತವರ ಹೆಬ್ಬೆರಳುಗಳಲ್ಲೇ. ಯಾರೂ ಕಲಿಯದಿದ್ದರೆ ಅವನು ಇನ್ನೊಮ್ಮೆ ಸಾಯುತ್ತಾನೆ. ಮರವಂತೆಯ ಹುಡುಗ ಕಲಿಯಲಿ. ಆದರೆ ಕಲಿತ ಮೇಲೆ ಕೈ ಮುಗಿದು ಎದ್ದು ಹೋಗುವ ಸಾಲವಲ್ಲ ಅದು. ಕಲಿಸಿದ ಜನ ಯಾವ ಸ್ಥಿತಿಯಲ್ಲಿದ್ದಾರೆ ಎಂದು ಕೇಳುವ ಬಾಧ್ಯತೆ ಆ ಪಟ್ಟಿನ ಜೊತೆಗೇ ಬರುತ್ತದೆ. ಕೇಳಲು ಅವನು ಕೆಂಟಕಿಗೆ ಹೋಗಬೇಕಾಗಿಲ್ಲ.

ಇಲ್ಲೇ ಕೊರಗರ ಡೋಲಿದೆ. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಬೆಳಗಿನವರೆಗೆ ಬಾರಿಸಬೇಕು ಎಂಬುದು ಅವರ ಮೇಲೆ ಹೇರಿದ ಚಾಕರಿಯಾಗಿತ್ತು. ಅಜಲು ಎಂದರೆ ಏನು ಅಂತ ಗೊತ್ತಿಲ್ಲದವರು 2000ದ ನಿಷೇಧ ಕಾಯ್ದೆಯನ್ನು ಓದಲಿ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಮನುಷ್ಯರನ್ನು ಕೋಣದ ಹಾಗೆ ಓಡಿಸುವುದು, ಕೂಲಿ ಕೊಡದಿರುವುದು: ಇವನ್ನೆಲ್ಲ ಕಾನೂನು ಬರೆದು ನಿಲ್ಲಿಸಬೇಕಾಯಿತು. ಆ ಡೋಲನ್ನು ಕೊರಗರ ಮಗ ಕಲಿಯಬೇಕೇ? ನಾವು ಹೇಳುವುದು: ಅವನಿಷ್ಟ. ಬೇಡ ಎಂದು ಬಿಸಾಡಿದರೆ ಸಂಸ್ಕೃತಿ ಹೋಯಿತೆಂದು ಅಳುವ ಹಕ್ಕು ಬೇರೆ ಯಾರಿಗೂ ಇಲ್ಲ. ನಿನ್ನೆ 'ಬಾರಿಸೋ' ಎಂದವರ ಮನೆಯವರೇ ಇಂದು 'ಜಾನಪದ ಉಳಿಸಿ' ಎಂದು ವೇದಿಕೆ ಕಟ್ಟುತ್ತಾರೆ. ಹಲಗೆ ಬಡಿಯಲಾರೆವು ಎಂದು ಊರ ಸಾವಿಗೆ ಹೋಗದೆ ನಿಂತ ದಲಿತರು ಅದೇ ಹಲಗೆಯನ್ನು ತಮ್ಮ ಜಾಥಾದ ಮುಂದೆ ಬಾರಿಸಿದ್ದಾರೆ. ಬಿಡುವುದೂ ಹಿಡಿಯುವುದೂ ಎರಡೂ ಅವರ ತೀರ್ಮಾನವಾಗಿತ್ತು, ಅದರಲ್ಲೇ ವ್ಯತ್ಯಾಸ.

2021ರ ಡಿಸೆಂಬರ್ ಕೊನೆಯಲ್ಲಿ ಕೋಟತಟ್ಟಿನ ಕೊರಗರ ಕಾಲೊನಿಯಲ್ಲಿ ಮದುವೆಯ ಮೆಹಂದಿ ನಡೆಯುತ್ತಿತ್ತು. ಹಾಡಿನ ಸದ್ದು ಜೋರಾಯಿತೆಂದು ಪೊಲೀಸರು ನುಗ್ಗಿ ಲಾಠಿ ಬೀಸಿದರು. ಆಮೇಲೆ ಸಬ್ ಇನ್ಸ್‌ಪೆಕ್ಟರರ ಅಮಾನತು ಆಯಿತು. ಧಣಿಯ ಕಂಬಳಕ್ಕೆ ರಾತ್ರಿಯಿಡೀ ಬಾರಿಸಿದಾಗ ಯಾರ ನಿದ್ದೆಯೂ ಕೆಡಲಿಲ್ಲ. ತಮ್ಮ ಮನೆಯ ಮದುವೆಗೆ ಹಾಡು ಹಾಕಿದಾಗ ಊರಿನ ನಿದ್ದೆ ಕೆಟ್ಟಿತು.

ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಡೋಲು ಕಲಿಸಬೇಕೆಂದು ಯೋಚಿಸುವ ಮೇಷ್ಟ್ರುಗಳಿಗೆ ಒಂದು ಮಾತು. ಕಲಿಸಲು ಬರುವ ಕೊರಗ ಹಿರಿಯರಿಗೆ ಭರತನಾಟ್ಯದ ಟೀಚರಿಗೆ ಕೊಡುವಷ್ಟೇ ಸಂಬಳ ಕೊಡಿ. ಸ್ಟಾಫ್ ರೂಮಿನ ಕುರ್ಚಿ ಕೊಡಿ, ಅದೇ ಲೋಟದಲ್ಲಿ ಚಾ ಕೊಡಿ. ಅವರ ಹೆಸರಿಗೆ 'ಸರ್' ಸೇರಿಸಿ ಕರೆಯಲು ಮಕ್ಕಳಿಗೆ ಮೊದಲ ದಿನವೇ ಹೇಳಿ. ಇಷ್ಟಕ್ಕೆ ಆಡಳಿತ ಮಂಡಳಿ ಒಪ್ಪದಿದ್ದರೆ ಆ ವರ್ಷ ಡೋಲಿನ ಐಟಂ ಬಿಡಿ.