ಧರಣಿಗೊಂದು ಗೇಟು

"ಲ್ಯಾಪ್‌ಟಾಪ್ ಒಂದಿದ್ದರೆ ಊರಿನ ಹಂಗೇ ಬೇಡ." ದಾವಣಗೆರೆಯ ಕಾಲೇಜೊಂದರಲ್ಲಿ ಅತಿಥಿಯೊಬ್ಬರು ಹೀಗೆಂದಾಗ ಹುಡುಗರು ಶಿಳ್ಳೆ ಹೊಡೆದರು, ನನಗೆ ಮೈ ಉರಿಯಿತು. ಅವರು ಹೊಗಳುತ್ತಿದ್ದುದು ನನ್ನ ಬದುಕನ್ನೇ. ಕಣ್ಣಾರೆ ಕಾಣದ ಯಂತ್ರಗಳಿಗೆ ಕೈಪಿಡಿ ಬರೆದು ಹೊರದೇಶದ ಗಿರಾಕಿಗಳಿಗೆ ಕಳಿಸುವುದು ನನ್ನ ಕಸುಬು. ಗೋಕರ್ಣದಲ್ಲಿ ಕೂತು ಬರೆದೆ, ಪುದುಚೇರಿಯಲ್ಲಿ ಬರೆದೆ, ಈಗ ಹರಿಹರದ ಬಾಡಿಗೆ ಮನೆಯಲ್ಲಿ ಬರೆಯುತ್ತಿದ್ದೇನೆ. ಡಿಜಿಟಲ್ ಅಲೆಮಾರಿ ಅನ್ನುತ್ತಾರೆ. ಊರು ಬೇಡ ಎಂಬ ಮಾತು ಎಷ್ಟು ಪೊಳ್ಳು ಎಂದು ತೋರಿಸಿಯೇ ಬಿಡೋಣ ಅಂತ ಇದನ್ನು ಬರೆಯಲು ಕೂತೆ.

ಜಂಗಮನಿಗೆ ಮನೆಯಿಲ್ಲ, ಸನ್ಯಾಸಿಗೆ ಊರಿಲ್ಲ ಎಂಬ ಉಪದೇಶಗಳಿಗೆ ದೂರದಿಂದಲೇ ನಮಸ್ಕಾರ. ಅವರು ಯಾರಿಗೂ ಇನ್‌ವಾಯ್ಸ್ ಕಳಿಸುತ್ತಿರಲಿಲ್ಲ. ನನ್ನ ಜಗಳ ತ್ಸುಗಿಯೊ ಮಾಕಿಮೊಟೊ ಜೊತೆ. ಹಿಟಾಚಿಯಲ್ಲಿ ಚಿಪ್‌ಗಳ ಕೆಲಸ ಮಾಡಿದ್ದ ಈ ಜಪಾನಿ ಎಂಜಿನಿಯರ್, ಪತ್ರಕರ್ತ ಡೇವಿಡ್ ಮ್ಯಾನರ್ಸ್ ಜೊತೆಗೂಡಿ 1997ರಲ್ಲಿ 'ಡಿಜಿಟಲ್ ನೋಮ್ಯಾಡ್' ಪುಸ್ತಕ ಬರೆದರು. ದುಡಿಮೆಗಾಗಿ ಒಂದೆಡೆ ಕಟ್ಟುಬಿದ್ದ ಮನುಷ್ಯನನ್ನು ತಂತ್ರಜ್ಞಾನ ಬಿಚ್ಚಿಬಿಡುತ್ತದೆ, ಅಲೆಯುವುದೋ ನೆಲೆಸುವುದೋ ಮುಂದೆ ಅವನ ಆಯ್ಕೆ ಎಂಬುದು ಅವರ ವಾದ. ಅದೇ ವರ್ಷ ಚಿತ್ರದುರ್ಗದಿಂದ ಬೇರ್ಪಟ್ಟು ದಾವಣಗೆರೆ ಜಿಲ್ಲೆಯಾಯಿತು. (ಹರಪನಹಳ್ಳಿಯವರು ಕೂತಲ್ಲೇ ಕೂತು ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಎಂದು ಮೂರು ಸಲ ಜಿಲ್ಲೆ ಬದಲಿಸಿದ್ದಾರೆ. ಅಲೆದಾಟಕ್ಕೆ ಲ್ಯಾಪ್‌ಟಾಪೇ ಬೇಕೆಂದೇನಿಲ್ಲ.)

ತಂತ್ರಜ್ಞಾನದ ವಿಷಯದಲ್ಲಿ ಮಾಕಿಮೊಟೊ ಹೇಳಿದ್ದು ನಿಜವಾಯಿತು. ಮಧ್ಯಾಹ್ನ ಕರೆಂಟ್ ಹೋದರೆ ಇನ್ವರ್ಟರ್ ಟಕ್ ಎನ್ನುತ್ತದೆ, ರೂಟರಿನ ಹಸಿರು ದೀಪ ಆರಿ ಮತ್ತೆ ಹತ್ತುತ್ತದೆ, ಜರ್ಮನಿಯ ಗಿರಾಕಿಗೆ ಸುಳಿವೂ ಸಿಗುವುದಿಲ್ಲ. ಆದರೆ ಆಯ್ಕೆ? ಯೂರೋದಲ್ಲಿ ಬರುವ ಗಳಿಕೆಗೂ ಹರಿಹರದ ಬಾಡಿಗೆಗೂ ಇರುವ ಅಂತರವೇ ನನ್ನ ಸ್ವಾತಂತ್ರ್ಯದ ಬಂಡವಾಳ. ಕೆಲಸ ಬರದ ತಿಂಗಳಲ್ಲಿ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡುತ್ತಾರೆ. ಪುದುಚೇರಿಯಲ್ಲಿ ಜ್ವರ ಬಂದು ಮಲಗಿದಾಗ ರಜೆಯ ಸಂಬಳವೂ ಇರಲಿಲ್ಲ, ಉದ್ರಿ ಕೊಡುವವರೂ ಇರಲಿಲ್ಲ.

ಅಲೆಮಾರಿಗೆ ಊರಿನ ಹಂಗಿಲ್ಲ ಎಂಬ ಕಲ್ಪನೆಯೇ ಅಲೆಮಾರಿಗಳನ್ನು ನೋಡದವರದ್ದು. ಭದ್ರಾ ನಾಲೆಯ ಬಯಲಲ್ಲಿ ಕುಯ್ಲು ಮುಗಿದ ಮೇಲೆ ಬರುವ ಕುರಿಗಾಹಿಗಳನ್ನು ನೋಡಿ. ರಾತ್ರಿ ಹೊಲದಲ್ಲಿ ಕುರಿ ತರುಬುತ್ತಾರೆ. ಹಿಕ್ಕೆ ಗೊಬ್ಬರಕ್ಕೆ ಬದಲಾಗಿ ರೈತ ಕಾಳನ್ನೋ ದುಡ್ಡನ್ನೋ ಕೊಡುತ್ತಾನೆ. ಯಾರ ಹೊಲ, ಎಲ್ಲಿ ನೀರು, ಯಾರೊಡನೆ ಮಾತು, ಎಲ್ಲವೂ ಹಳೆಯ ಪರಿಚಯದ ಮೇಲೆ ನಡೆಯುತ್ತದೆ. ನೆಲೆಸಿದವನಿಗೆ ಒಂದು ಊರು ಸಾಕು, ಅಲೆಯುವವನಿಗೆ ದಾರಿಯುದ್ದಕ್ಕೂ ಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಂತೆ. ಆದರೆ ಹರಿಹರದಲ್ಲಿ ಕೂತು ನೆಲೆಯ ಪರ ವಕಾಲತ್ತು ವಹಿಸುವುದು ಕಷ್ಟ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ತಯಾರಿಸುತ್ತಿತ್ತು. ಊರಿನ ಗಡಿಯಾರವೇ ಆ ಕಾರ್ಖಾನೆಯಾಗಿತ್ತು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ದಾವಣಗೆರೆಯ ಹತ್ತಿ ಗಿರಣಿಗಳದ್ದೂ ಅದೇ ಗತಿ. ಕಾರ್ಮಿಕರು ಕದಲಲಿಲ್ಲ, ಕೆಲಸವೇ ಗಂಟುಮೂಟೆ ಕಟ್ಟಿತು. ಒಂದೇ ಗೇಟಿಗೆ ಹೊಟ್ಟೆ ಕಟ್ಟಿಹಾಕಬೇಡ ಎಂದು ಮಾಕಿಮೊಟೊ ಹೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ ಕೊಟ್ಟವರು ಕಾರ್ಖಾನೆಯಲ್ಲಿ ದುಡಿದಿದ್ದ ಪಕ್ಕದ ಮನೆಯ ಹಿರಿಯರು. ಗಿರಾಕಿಯೊಬ್ಬ ದುಡ್ಡು ಕೊಡದೆ ಕೈಯೆತ್ತಿದ್ದನ್ನು ಹೇಳಿಕೊಂಡಾಗ ಅವರು ನಕ್ಕರು: "ನಮಗೊಂದು ಗೇಟಾದ್ರೂ ಇತ್ತಪ್ಪ. ನೀನು ಧರಣಿ ಎಲ್ಲಿ ಕುಂದ್ರುತ್ತೀಯ?" ಆ ಗೇಟಿನಿಂದ ಕಾರ್ಖಾನೆ ಉಳಿಯಲಿಲ್ಲವಲ್ಲ ಎಂದೆ. "ಉಳೀಲಿಲ್ಲ. ಆದ್ರೆ ಒಬ್ಬನೇ ಮುಳುಗಲಿಲ್ಲ" ಅಂದರು. ಇದು ಸಮಾಧಾನವೋ ವಾದವೋ ನನಗೆ ಬಗೆಹರಿದಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ತಂದ ಗಿಗ್ ಕಾರ್ಮಿಕರ ಕಾಯ್ದೆ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಪ್ಲಾಟ್‌ಫಾರ್ಮ್‌ಗಳಿಂದ ವಸೂಲಿ ಮಾಡುತ್ತದೆ. ಊಟ ತಲುಪಿಸುವ ಹುಡುಗನಿಗೆ ಅದು ಅರ್ಧ ಗೇಟಾದರೂ ಆದೀತು. ಇಮೇಲ್‌ನಲ್ಲೇ ಒಪ್ಪಂದ ಮಾಡಿಕೊಂಡ ನನಗೆ ಅದೂ ಇಲ್ಲ.

ಹಾಗಾದರೆ ಊರು ಬೇಕು, ಸರಿ. ಆದರೆ ಊರಿಗೆ ನಾನು? ಹೊಸ ಅಗ್ರಿಮೆಂಟಿಗೆ ಮನೆ ಮಾಲೀಕರು ಬಾಡಿಗೆ ಏರಿಸುತ್ತಿದ್ದಾರೆ: "ನಿಮಗೇನು ಸರ್, ಫಾರಿನ್ ದುಡ್ಡು." ನಾನು ಒಪ್ಪಿಕೊಂಡೆ. ಕೆಳಗಿನ ಮನೆಯ ಶಾಲಾ ಶಿಕ್ಷಕರಿಗೂ ಅದೇ ದರ ಹೇಳಿದ್ದಾರಂತೆ, ಅವರು ಬೇರೆ ಮನೆ ಹುಡುಕುತ್ತಿದ್ದಾರೆ. ಕುರಿಗಾಹಿ ಹೊಲದಲ್ಲಿ ಗೊಬ್ಬರವನ್ನಾದರೂ ಬಿಟ್ಟು ಹೋಗುತ್ತಾನೆ. ನೆಲೆಯ ಪರ ಇಷ್ಟೆಲ್ಲ ವಾದಿಸಿದ ನಾನೇ ನೆಲೆಸಿದವರೊಬ್ಬರನ್ನು ಎಬ್ಬಿಸುತ್ತಿದ್ದೇನೆ. ಇದಕ್ಕೆ ಮಾಕಿಮೊಟೊ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವುದಿಲ್ಲ.