ಕೌದಿಯ ಮೂಲೆಯ ಹೂವು

ಮನುಷ್ಯನಿಗೆ ಮಲಗುವುದಕ್ಕೆ ಬೇಕಾದುದು ಬಹು ಸ್ವಲ್ಪ. ತಲೆಗೆ ಒಂದು ದಿಂಬು, ಮೈಗೆ ಒಂದು ಹೊದಿಕೆ. ಇವೆರಡಿದ್ದರೆ ರಾತ್ರಿ ಕಳೆಯುವುದು. ಗವಸಿನೊಳಗೆ ಬೂರುಗದ ಅರಳೆಯನ್ನು ತುಂಬಿ ಬಾಯಿ ಹೊಲಿದುಬಿಟ್ಟರೆ ದಿಂಬಿನ ಕೆಲಸವು ಮುಗಿದಂತೆಯೇ. ಆದರೆ ಗೃಹಿಣಿಯು ಅಲ್ಲಿಗೆ ಬಿಡುವವಳಲ್ಲ. ಗವಸಿನ ಅಂಚಿಗೆ ಬೇರೆ ಬಣ್ಣದ ಪಟ್ಟಿಯೊಂದನ್ನು ಕೂಡಿಸುವಳು. ಸುತ್ತಲೂ ನಿರಿಗೆ ಹಿಡಿದ ಝಾಲರಿಯನ್ನು ಇಳಿಬಿಡುವಳು. ಮೂಲೆಗಳಿಗೆ ಗೊಂಡೆಗಳನ್ನು ಕಟ್ಟುವಳು. ಉಳಿದ ಬಟ್ಟೆಯಲ್ಲಿ ಅದಕ್ಕೆ ಒಪ್ಪುವ ಹೊದಿಕೆಯೊಂದನ್ನೂ ಹೊಲಿದು ಹಾಸಿಗೆಯ ಮೇಲೆ ಮಡಿಸಿಡುವಳು. ನಿದ್ರೆಗೆ ಇದರಿಂದ ಆಗುವ ಪ್ರಯೋಜನವೇನು? ಕಣ್ಣು ಮುಚ್ಚಿದವನಿಗೆ ಝಾಲರಿ ಕಾಣುವುದೆ? ಹೀಗೆ ಪ್ರಯೋಜನವನ್ನು ಮೀರಿದ ಈ ಶ್ರಮವು ವ್ಯರ್ಥವೋ, ಅಥವಾ ಗೃಹಧರ್ಮದ ಒಂದು ಅಂಗವೋ ಎಂಬ ಪ್ರಶ್ನೆಯು ಅಲ್ಪವೆಂದು ತೋರಿದರೂ ಅಲ್ಪವಲ್ಲ. ಹೊಲಿಯುವವಳ ಎಷ್ಟೋ ಮಧ್ಯಾಹ್ನಗಳು ಇದಕ್ಕೆ ಸಲ್ಲುತ್ತವೆ. ಆಯುಷ್ಯದಲ್ಲಿ ಕಳೆದ ಮಧ್ಯಾಹ್ನವು ಮರಳಿ ಬರತಕ್ಕದ್ದಲ್ಲ.

ವ್ಯರ್ಥವೆಂದೇ ಖಂಡಿತವಾಗಿ ನುಡಿದವರುಂಟು. ಅಡಾಲ್ಫ್ ಲೂಸ್ ಎಂಬ ವಾಸ್ತುಶಿಲ್ಪಿಯು 1910ರಲ್ಲಿ ವಿಯೆನ್ನಾ ನಗರದಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಅಲಂಕಾರವನ್ನು ಅಪರಾಧದ ಸಾಲಿಗೆ ಸೇರಿಸಿದನು. ಅಲಂಕಾರಕ್ಕೆ ತಗಲುವ ದುಡಿಮೆಗೆ ತಕ್ಕ ಕೂಲಿಯು ದೊರೆಯುವುದಿಲ್ಲ. ಜನರ ಷೋಕಿ ಬದಲಾದೊಡನೆ ಇನ್ನೂ ಗಟ್ಟಿಯಾಗಿರುವ ವಸ್ತುವೂ ಮೂಲೆ ಸೇರುವುದು. ದುಡಿದವನ ಆಯುಷ್ಯ, ವಸ್ತುವಿನ ಆಯುಷ್ಯ ಎರಡೂ ಹೀಗೆ ಹಾಳಾಗುತ್ತವೆ ಎಂಬುದು ಆತನ ಆಕ್ಷೇಪಣೆಯ ತಿರುಳು. ಇದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಇದರೊಂದಿಗೇ, ಅಲಂಕಾರದಲ್ಲಿ ಆಸಕ್ತರಾದ ದೂರದೇಶದ ಜನರನ್ನು ನಾಗರಿಕತೆಯ ಕೆಳಮೆಟ್ಟಿಲಿನಲ್ಲಿ ನಿಲ್ಲಿಸಿದುದು ಆ ಕಾಲದ ಐರೋಪ್ಯರ ಅಹಂಕಾರವೇ ಹೊರತು ವಿಚಾರವೆನಿಸದು.

ಲೂಸನಿಗೆ ಸಮಾಧಾನ ಹೇಳುವ ಸುಲಭ ಮಾರ್ಗವೊಂದುಂಟು. ಬಟ್ಟೆಯ ಸವೆತವು ಅಂಚಿನಿಂದ ಮೊದಲಾಗುತ್ತದೆ. ಹುರಿಯನ್ನು ಒಳಗಿಟ್ಟು ಗವಸಿನ ಅಂಚಿಗೆ ಹೊಲಿದ ದುಂಡುಪಟ್ಟಿಯು ತಿಕ್ಕಾಟವನ್ನು ತಾನು ತಾಳಿಕೊಳ್ಳುವುದು; ಅದು ಸವೆದರೆ ಪಟ್ಟಿಯೊಂದನ್ನೇ ಬಿಚ್ಚಿ ಬದಲಿಸಬಹುದು, ಗವಸು ಉಳಿಯುವುದು. ಕುಚ್ಚಿನ ಮಾತೂ ಇಂತಹದೇ. ಮಗ್ಗದಿಂದ ಕೊಯ್ದ ಬಟ್ಟೆಯ ಕೊನೆಯಲ್ಲಿ ಹಾಸಿನ ಎಳೆಗಳು ಸಡಿಲವಾಗಿ ನಿಲ್ಲುತ್ತವೆ. ಅವನ್ನು ಗಂಟು ಹಾಕದಿದ್ದರೆ ಹೊಕ್ಕಿನ ನೂಲು ಒಂದೊಂದಾಗಿ ಕಳಚಿಕೊಳ್ಳುವುದು. ಆ ಗಂಟುಗಳ ಸಾಲನ್ನೇ ಜನರು ಕುಚ್ಚೆಂದು ಮೆಚ್ಚುತ್ತಾರೆ. ಹೀಗೆ ಅಲಂಕಾರವೆಲ್ಲವೂ ಮೂಲದಲ್ಲಿ ಪ್ರಯೋಜನವೇ ಎಂದು ವಾದಿಸಿ ಗೆದ್ದಂತೆ ತೋರಿಸಿಕೊಳ್ಳಬಹುದು. ಆದರೆ ಅದು ಪ್ರಶ್ನೆಯನ್ನು ತಪ್ಪಿಸಿಕೊಂಡಂತೆಯೇ ಸರಿ. ಪ್ರಯೋಜನವು ಲೇಶವೂ ಇಲ್ಲದ ಅಲಂಕಾರವೊಂದನ್ನು ಎದುರಿಗಿಟ್ಟುಕೊಂಡು ವಿಚಾರವನ್ನು ನಡೆಸುವುದೇ ನ್ಯಾಯ.

ಅಂತಹ ನಿದರ್ಶನಕ್ಕೆ ದೂರ ಹೋಗಬೇಕಾದುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದ ಕಡೆಗಳ ಕಾಡಿನ ಸೆರಗಿನಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. ಇವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಗೋವೆಯಲ್ಲಿ ಪೋರ್ಚುಗೀಸರ ಕೈಕೆಳಗೆ ದಾಸ್ಯದಲ್ಲಿದ್ದು, ತಪ್ಪಿಸಿಕೊಂಡು ಘಟ್ಟದ ಅರಣ್ಯವನ್ನು ಸೇರಿದವರು ಅವರಲ್ಲಿ ಅನೇಕರು. ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮತವು ಯಾವುದಾದರೂ ಹೆಂಗಸರ ಕೈಕಸುಬು ಒಂದೇ, ಅದು ಕೌದಿ. ಅವರ ಮಾತಿನಲ್ಲಿ ಅದು ‘ಕವಂದಿ’. ಧಾರವಾಡ, ವಿಜಯಪುರ ಪ್ರಾಂತಗಳ ಮನೆಗಳಲ್ಲಿಯೂ ಹಳೆಯ ಸೀರೆಗಳನ್ನು ಪದರವಾಗಿ ಹಾಸಿ ಕೌದಿ ಹೊಲಿಯುವ ವಾಡಿಕೆಯುಂಟಷ್ಟೆ. ಸಿದ್ದಿ ಹೆಂಗಸು ಹಳೆಯ ನೂಲಿನ ಸೀರೆಯೊಂದನ್ನು ತಳಕ್ಕೆ ಹಾಸಿಕೊಂಡು ಒಂದು ಮೂಲೆಯಿಂದ ಹಿಡಿಯುತ್ತಾಳೆ. ಸವೆದ ಲಂಗ, ಅಂಗಿ, ಕುಪ್ಪಸಗಳ ತುಂಡುಗಳನ್ನು ಅಂಚು ಒಳಮಡಿಸಿ ಇಡುತ್ತ, ಸಾಲು ಹೊಲಿಗೆ ಹಾಕುತ್ತ ಸುತ್ತಲೂ ಬಂದು, ಎರಡನೆಯ ಸುತ್ತಿಗೆ ಒಳಗೆ ಸರಿದು, ಕೊನೆಗೆ ನಡುವನ್ನು ಮುಟ್ಟುತ್ತಾಳೆ. ಇಷ್ಟಾದರೆ ಕೌದಿಯು ಬೆಚ್ಚಗಿರುವುದು. ಮಳೆಗಾಲದ ಚಳಿಯನ್ನು ತಡೆಯುವುದು. ಆದರೂ ಅದು ಮುಗಿದುದಲ್ಲ. ಬಟ್ಟೆಯ ಚೂರನ್ನು ಮುಕ್ಕೋಣವಾಗಿ ಮಡಿಸಿ ಮಡಿಸಿ ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ಹೂವನ್ನು ಹೊಲಿಯಬೇಕು. ಅದಕ್ಕೆ ‘ಫುಲ’ವೆಂದು ಹೆಸರು. ಈ ಹೂವಿಲ್ಲದ ಕೌದಿಯು ಬತ್ತಲೆ ಎಂಬುದು ಅವರ ಮಾತು.

ಬತ್ತಲೆ ಎಂಬ ಶಬ್ದವನ್ನು ವಾಚಕರು ಗಮನಿಸಬೇಕು. ಕುರೂಪವೆಂದಿಲ್ಲ, ಅರೆಯೆಂದೂ ಇಲ್ಲ. ಬತ್ತಲೆಯೆಂಬುದು ವಸ್ತುವಿಗೆ ಸಲ್ಲುವ ಮಾತಲ್ಲ, ಮಾನವುಳ್ಳವರಿಗೆ ಸಲ್ಲುವ ಮಾತು. ಚಿಂದಿಗಳಿಂದ ಹೊಲಿದ ಹೊದಿಕೆಗೂ ಮಾನವುಂಟು, ಅದನ್ನು ಹೊದ್ದು ಮಲಗುವ ಕೂಸಿಗೂ ಮಾನವುಂಟು ಎಂಬ ಭಾವನೆಯಿಲ್ಲದೆ ಈ ಶಬ್ದವು ಹುಟ್ಟಲಾರದು. ದಾಸ್ಯದಿಂದ ಓಡಿಬಂದವರ ಸಂತತಿಯ ಬಾಯಲ್ಲಿ ಅದು ಹುಟ್ಟಿತೆಂಬುದನ್ನು ನೆನೆದರೆ ಅದರ ಭಾರವು ಮತ್ತಷ್ಟು ತಿಳಿಯುವುದು. ಚಳಿಗೆ ಬೇಕಾದುದನ್ನು ಕೊಟ್ಟರೆ ದೇಹಕ್ಕೆ ಕೊಟ್ಟಂತಾಯಿತು. ಯಜಮಾನನು ತನ್ನ ಎತ್ತಿಗೂ ಅಷ್ಟನ್ನು ಕೊಡುವನು. ಮೂಲೆಯ ಹೂವು ದೇಹಕ್ಕೆ ಸಲ್ಲುವುದಲ್ಲ.

ಸಂಸ್ಕೃತದ ‘ಅಲಂಕಾರ’ ಶಬ್ದವು ಇದೇ ಕಡೆಗೆ ಕೈತೋರಿಸುತ್ತದೆ. ‘ಅಲಂ’ ಎಂದರೆ ಸಾಕಷ್ಟು. ಅಲಂಕಾರವೆಂದರೆ ಸಾಕಾಗುವಂತೆ ಮಾಡುವುದು, ಕೊರತೆಯನ್ನು ತುಂಬುವುದು. ಹೆಚ್ಚಿನದನ್ನು ಮೇಲೆ ಹೇರುವುದೆಂಬ ಅರ್ಥವು ಅದರೊಳಗಿಲ್ಲ. ಕಾವ್ಯದಲ್ಲಿ ಅಲಂಕಾರದ ಸ್ಥಾನವೇನೆಂದು ಶತಮಾನಗಳವರೆಗೆ ಚರ್ಚಿಸಿದ ಆಲಂಕಾರಿಕರು ಈ ಸೂಕ್ಷ್ಮವನ್ನು ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನನು, ರಸದಲ್ಲಿ ತೊಡಗಿದ ಕವಿಗೆ ಬೇರೆಯಾದ ಪ್ರಯತ್ನವಿಲ್ಲದೆಯೇ ಒದಗಿಬರುವ ಅಲಂಕಾರವೇ ಅಲಂಕಾರವೆಂದನು. ಸಮಯವರಿತು ಅದನ್ನು ಹಿಡಿಯಬೇಕು, ಸಮಯವರಿತು ಬಿಡಬೇಕು, ಕೊನೆಮುಟ್ಟ ಎಳೆದುಕೊಂಡು ಹೋಗುವ ಹಟವು ಸಲ್ಲದೆಂದೂ ಹೇಳಿದನು. ಧ್ವನ್ಯಾಲೋಕವನ್ನು ಹೊಲಿಗೆಯ ಪೆಟ್ಟಿಗೆಯ ಬಳಿಗೆ ತಂದರೆ ಪಂಡಿತರು ನಕ್ಕಾರು. ಆದರೂ ಝಾಲರಿಯ ಮೇಲೆ ಜರಿ, ಜರಿಯ ಮೇಲೆ ಮಣಿ, ಮಣಿಯ ನಡುವೆ ಕನ್ನಡಿಯ ಚೂರು ಕೂಡಿಸಿ ಕೆನ್ನೆಯಿಡಲು ತೆರಪೇ ಇಲ್ಲದಂತೆ ಮಾಡಿದ ದಿಂಬನ್ನು ಕಂಡವರಿಗೆ, ಆ ಹಳೆಯ ಎಚ್ಚರಿಕೆಯು ಇಲ್ಲಿಗೂ ಸಲ್ಲುವುದೆಂದು ವಿವರಿಸಬೇಕಾದುದಿಲ್ಲ.

ಉಳ್ಳವರ ಮನೆಗಳಲ್ಲಿ ಈ ಹಟವು ಇನ್ನೊಂದು ರೂಪವನ್ನು ತಾಳುತ್ತದೆ. ನಡುಮನೆಯ ಆಸನದ ಮೇಲೆ ಒಂದೇ ಬಣ್ಣದ, ಒಂದೇ ಅಂಚಿನ ದಿಂಬುಗಳು ಸಾಲಾಗಿ ಕುಳಿತಿರುತ್ತವೆ. ಅವುಗಳಿಗೆ ಜೊತೆಯಾದ ಹೊದಿಕೆಯೂ ಮಡಿಕೆ ಕೆಡದಂತೆ ಮಲಗಿರುತ್ತದೆ. ಒರಗಿದರೆ ಗೊಂಡೆ ನಲುಗುವುದೆಂದು ಮನೆಯ ಮಕ್ಕಳಿಗೆ ಗದರಿಕೆ. ಬಂದ ನೆಂಟನು ಬೆನ್ನನ್ನು ನೆಟ್ಟಗೆ ಹಿಡಿದು ತುದಿಯಲ್ಲಿ ಕುಳಿತುಕೊಳ್ಳುವನು. ಒರಗಗೊಡದ ದಿಂಬು ಯಾರ ಮಾನವನ್ನು ಕಾಯುವುದು? ಅಲ್ಲಿ ಅಲಂಕಾರವು ಬಳಸುವವನನ್ನು ಬಿಟ್ಟು ನೋಡುವವನ ಕಡೆಗೆ ತಿರುಗಿದೆ. ಹೊಂದಿಕೆಯು ದೋಷವೇನೂ ಅಲ್ಲ. ಅಜ್ಜಿಯ ಸೀರೆಯ ಒಡಲು ಕೌದಿಗೂ ಅದರ ಸೆರಗು ದಿಂಬಿನ ಗವಸಿಗೂ ಆದಾಗ ಅವೆರಡೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಅದು ಒಡಹುಟ್ಟಿದವರ ಮುಖಗಳಲ್ಲಿನ ಹೋಲಿಕೆಯಂತಹದು. ಅಂಗಡಿಯಿಂದ ಜೊತೆಯಾಗಿ ತಂದ ಹೊಂದಿಕೆಯಲ್ಲಿ ಸೊಗಸಿರಬಹುದು; ಆ ಸಂಬಂಧವಿರದು.

ಇನ್ನು ಉಳಿದುದು ಲೂಸನ ಆಕ್ಷೇಪಣೆಗಳಲ್ಲಿ ಎಲ್ಲಕ್ಕೂ ಗಟ್ಟಿಯಾದುದು, ಕೂಲಿಯದು. ಸೂಕ್ಷ್ಮವಾದ ಕಸೂತಿಯನ್ನು ಹೊಗಳುವ ಮನೆಗಳು ಅದನ್ನು ಹೊಲಿದವಳ ಕಣ್ಣಿನ ವಿಷಯವನ್ನು ವಿಚಾರಿಸುವುದು ಅಪೂರ್ವ. ಮದುವೆಗೆ ಮುನ್ನ ಹುಡುಗಿಯು ದಿಂಬಿನ ಗವಸುಗಳ ಮೇಲೆ ಹಾಕಿದ ಹೂಬಳ್ಳಿಯನ್ನು ಬೀಗರ ಮನೆಯವರು ತಿರುಗಿಸಿ ನೋಡಿ ಅಂಕ ಕೊಡುತ್ತಿದ್ದ ಕಾಲವೂ ಇದ್ದಿತು. ಅಲ್ಲಿ ಹೊಲಿಗೆಯು ಪ್ರೀತಿಯಾಗದೆ ಪರೀಕ್ಷೆಯಾಗಿತ್ತು. ಕೊಡುವವರು ತಾವಾಗಿ ಕೊಟ್ಟರೆ ಮಾತ್ರ ಅದು ದಾನ. ಕೇಳಿ ಪಡೆದುದು ಕಪ್ಪ. ಆದುದರಿಂದ ಅಲಂಕಾರವು ಧರ್ಮವೆಂದು ಹೇಳುವವರು, ಅದನ್ನು ಹೆಂಗಸರಿಗೆ ವಿಧಿಸುವ ಅಧಿಕಾರವು ತಮಗೆ ಬಂದಿತೆಂದು ತಿಳಿಯಬಾರದು. ಮೂಲೆಯ ಹೂವನ್ನು ಸಿದ್ದಿ ಹೆಂಗಸಿನಿಂದ ಯಾವ ಯಜಮಾನನೂ ಕೇಳಿ ಹೊಲಿಸಿದವನಲ್ಲ. ಅದರ ತೂಕವಿರುವುದು ಅಲ್ಲಿಯೇ.

ಹಾಗಾದರೆ ಅದಕ್ಕೆ ಬೆಲೆ ಕಟ್ಟಬಹುದೆ? 2004ರಲ್ಲಿ ಸಿದ್ದಿ ಹೆಂಗಸರು ಕೌದಿಗಳನ್ನು ಮಾರುವುದಕ್ಕೆಂದು ಸಹಕಾರದ ಏರ್ಪಾಡೊಂದನ್ನು ಮಾಡಿಕೊಂಡರು. 2011ರಲ್ಲಿ ನ್ಯೂಯಾರ್ಕ್ ನಗರದ ಪ್ರದರ್ಶನವೊಂದರಲ್ಲಿ ಅವರ ಕೌದಿಗಳನ್ನು ಜನರು ನೋಡಿದರು. ಚಳಿಗೆಂದು ಹೊಲಿದುದನ್ನು ಗೋಡೆಗೆ ತೂಗುಹಾಕಿದರೆ ಅದರ ಪ್ರಾಣವೇ ಹೋಯಿತೆಂದು ವ್ಯಥೆಪಡುವವರುಂಟು. ಆ ವ್ಯಥೆಯು ತಕ್ಕಮಟ್ಟಿಗೆ ನಿಜ. ಆದರೆ ಕೂಲಿಯಿಲ್ಲದ ಕೈಯನ್ನು ಶುದ್ಧವೆಂದು ಹೊಗಳುವುದು ಹೊಟ್ಟೆ ತುಂಬಿದವರಿಗೆ ಸುಲಭವಾದ ಕೆಲಸ. ಬೆಲೆ ಬರುವುದು ಬಟ್ಟೆಗೂ ಹೊಲಿಗೆಗೂ ಕಳೆದ ದಿನಗಳಿಗೂ. ಅದು ಬರಲೇಬೇಕು, ಇನ್ನೂ ಹೆಚ್ಚಾಗಿ ಬಂದರೂ ಅನ್ಯಾಯವಾಗದು. ತನ್ನ ಮೊಮ್ಮಗುವಿಗೆ ಹೊಲಿಯುವಾಗ ಹೊದ್ದುಕೊಳ್ಳುವವರು ಯಾರೆಂಬುದು ಹೊಲಿಯುವವಳಿಗೆ ಗೊತ್ತು. ಮಾರುವ ಕೌದಿಯನ್ನು ಹೊಲಿಯುವಾಗ, ಅದು ಯಾವ ಊರಿನ ಯಾರ ಹಾಸಿಗೆಯನ್ನು, ಅಥವಾ ಗೋಡೆಯನ್ನು, ಸೇರುವುದೆಂದು ಗೊತ್ತಿಲ್ಲ. ಆ ಕೌದಿಯ ನಾಲ್ಕು ಮೂಲೆಗಳಿಗೂ ಅವಳು ಹೂವು ಹೊಲಿಯುತ್ತಾಳೆ.